ಮಡಕಶಿರದ ಬಯಲಿನಲ್ಲಿ ಕೇಳಿದ ‘ಆಗಲಿ’

ಒಂದೇ ಒಂದು ಮಾತಿಗಾಗಿ ಇಡೀ ಊರಿನ ಮೇಲೆ ಸಿಟ್ಟು ಇಟ್ಟುಕೊಂಡವನು ನಾನೊಬ್ಬನೇ ಇರಬೇಕು. ಮಡಕಶಿರದ ಹೆಸರನ್ನು ಯಾರಾದರೂ ಎತ್ತಿದರೆ ಸಾಕು, ಈಗಲೂ ನನ್ನ ಹೊಲಿಗೆ ಮಿಷನ್ನು ತಾನಾಗಿ ಜೋರು ಓಡುತ್ತದೆ, ಸೂಜಿಯ ಕೆಳಗಿನ ಜೀನ್ಸ್ ಪ್ಯಾಂಟಿನ ಕಾಲು ಸೊಟ್ಟಗಾಗುತ್ತದೆ.

ರಾಯದುರ್ಗದಲ್ಲಿ ನಮ್ಮದು ಹೊಲಿಗೆಯವರ ಓಣಿ. ಆ ಓಣಿಯ ಹುಡುಗರೇ ಸೇರಿ ಕಟ್ಟಿಕೊಂಡ ಫುಟ್‌ಬಾಲ್ ತಂಡ ನಮ್ಮದು. ಅದರ ಗೋಲ್‌ಕೀಪರ್ ನನ್ನ ಅಕ್ಕನ ಮಗ. ಹಗಲೆಲ್ಲ ಪ್ಯಾಂಟಿಗೆ ಗುಂಡಿ ಕೂರಿಸುತ್ತಾನೆ, ಸಂಜೆ ಧೂಳಿನಲ್ಲಿ ಬಿದ್ದೆದ್ದು ಚೆಂಡು ಹಿಡಿಯುತ್ತಾನೆ. ಅವನು ಎಲ್ಲೇ ಆಡಲಿ, ನಾನು ಹೋಗಿ ಗಂಟಲು ಹರಿಯುವಂತೆ ಕೂಗಿ ಬರುತ್ತೇನೆ. ಆದರೆ ಅವನನ್ನು ಹೆತ್ತ ಅಕ್ಕ ಮಾತ್ರ ಅವನ ಆಟವನ್ನು ಒಮ್ಮೆಯೂ ನೋಡಿರಲಿಲ್ಲ. ಪಂದ್ಯಗಳೆಲ್ಲ ಪರ ಊರಲ್ಲಿ. ಗಂಡಸರು ತುಂಬಿದ ವ್ಯಾನಿನಲ್ಲಿ ಹೆಂಗಸರು ಹತ್ತುವ ರೂಢಿ ನಮ್ಮಲ್ಲಿರಲಿಲ್ಲ.

ಆ ಸಲ ಸೆಮಿಫೈನಲ್ ಮಡಕಶಿರದಲ್ಲಿತ್ತು. ಗೆದ್ದವರ ಊರಲ್ಲೇ ಫೈನಲ್ ಎಂದು ಮೊದಲೇ ಮಾತಾಗಿತ್ತು. ಫೈನಲ್ ನಮ್ಮೂರಲ್ಲೇ ಎಂದು ಅಕ್ಕ ಅಕ್ಕಪಕ್ಕದ ಹೆಂಗಸರಿಗೆಲ್ಲ ಆಗಲೇ ಹೇಳಿಬಿಟ್ಟಿದ್ದಳು. ವ್ಯಾನು ಹೊರಡುವಾಗ ಕಿಟಕಿಗೆ ಬಂದು, “ಗೆದ್ದ ಬರ್ರೆಪ್ಪ. ಫೈನಲ್ಲಿಗೆ ನಾನು ಮುಂದಿನ ಸಾಲಿನ್ಯಾಗ ಕುಂದ್ರಾಕಿ. ಯಾರರ ಅಡ್ಡ ನಿಂತ್ರ ನೋಡ್ರಿ ಮತ್ತ!” ಅಂದಳು. ಅವಳ ಮಗ ನಾಚಿ ತಲೆ ತಗ್ಗಿಸಿದ.

ಕಲ್ಯಾಣದುರ್ಗ ದಾಟಿ ಅಮರಾಪುರದಲ್ಲಿ ಚಹಾ ಕುಡಿದು ಮಡಕಶಿರ ಮುಟ್ಟಿದಾಗ ಬಿಸಿಲು ಏರಿತ್ತು. ಮೈದಾನದಲ್ಲಿ ಹುಲ್ಲಿಗಿಂತ ಕಲ್ಲೇ ಹೆಚ್ಚು. ರೊಳ್ಳ, ಗುಡಿಬಂಡೆ ಕಡೆಯಿಂದಲೂ ಜನ ಆಟೊ ತುಂಬಿಕೊಂಡು ಬಂದು ಗೆರೆಯ ಸುತ್ತ ಕೂತಿದ್ದರು. ರೆಫ್ರಿ ಯಾವುದೋ ಶಾಲೆಯ ಪಿ.ಟಿ. ಮೇಷ್ಟ್ರಂತೆ. ನಾವು ರಾಯದುರ್ಗದವರು ಎಂದು ಗೊತ್ತಾದದ್ದೇ ತಡ, ನಮ್ಮೊಡನೆ ತೆಲುಗು ಶುರು ಮಾಡಿದರು. ತಪ್ಪೇನಿಲ್ಲ, ತೆಲುಗು ನಾಡಿಗೆ ಸೇರಿದ ನಮ್ಮ ಜಿಲ್ಲೆಯಲ್ಲಿ ಹೊಸಬರ ಜತೆ ಮಾತು ತೆಲುಗಿನಲ್ಲೇ ಹುಟ್ಟುತ್ತದೆ. ತಮ್ಮ ಊರಿನ ಹುಡುಗರ ಜತೆ ಮಾತ್ರ ಅವರದು ಕನ್ನಡ. ಚೆಂಡು ಗೆರೆ ದಾಟಿದಾಗಲೆಲ್ಲ ನಮ್ಮವರ ಕಡೆ ತಿರುಗಿ ಕೈಯೆತ್ತಿ, “ಆಗಾಲಿ, ಆಗಾಲಿ” ಎನ್ನುವರು. ತೆಲುಗಿನಲ್ಲಿ ಹಾಗೆಂದರೆ ನಿಲ್ಲಬೇಕು ಎಂದು. ನಮ್ಮವರು ನಿಲ್ಲುವರು.

ಆಟ ಮುಗಿಯಲು ಬಂದರೂ ಗೋಲು ಯಾರದ್ದೂ ಇಲ್ಲ. ನನ್ನ ಅಳಿಯ ಎರಡು ಸಲ ಹಾರಿ ಹಿಡಿದದ್ದಕ್ಕೆ ಮಡಕಶಿರದವರೇ ಚಪ್ಪಾಳೆ ತಟ್ಟಿದ್ದರು. ಆಗ ನಮ್ಮವನೊಬ್ಬನ ಮೊಣಕೈಗೆ ಚೆಂಡು ತಾಗಿತು. ರೆಫ್ರಿ ಸೀಟಿ ಊದಲಿಲ್ಲ. ಕೈಯೆತ್ತಿ ಓಡುತ್ತಲೇ ಉಸಿರು ಎಳೆದು, “ಆಗಲೀ... ಆಗಲೀ...” ಎಂದು ಕೂಗಿದರು. ನಮ್ಮವರೆಲ್ಲ ನೆಟ್ಟ ಕಂಬದಂತೆ ನಿಂತರು. ಅಳಿಯ ಗೋಲು ಬಿಟ್ಟು ಮುಂದೆ ಬಂದು, ಚೆಂಡು ಇಡುವ ಜಾಗ ಎಲ್ಲಿ ಎಂದು ಕೈ ಮಾಡಿ ಕೇಳುತ್ತಿದ್ದ. ಮಡಕಶಿರದ ಹುಡುಗ ಅವನ ಪಕ್ಕದಿಂದಲೇ ಚೆಂಡನ್ನು ಬಲೆಯೊಳಗೆ ತಳ್ಳಿದ. ರೆಫ್ರಿ ಸೀಟಿ ಊದಿದರು. ಗೋಲು!

ನಾನು ಗೆರೆ ದಾಟಿ ಒಳಗೆ ನುಗ್ಗಿದೆ.

“ನಿಲ್ರಿ ಅಂದವರು ನೀವ, ಗೋಲ್ ಕೊಟ್ಟವರೂ ನೀವ. ಇದ್ಯಾವ ನ್ಯಾಯ ಸಾರ್?”

“ನಿಲ್ಲಿ ಅಂತ ಯಾರಂದ್ರು? ಆಟ ಆಗ್ಲಿ, ನಡೀಲಿ ಅಂದೆ. ಕನ್ನಡದಾಗೇ ಅಂದಿದ್ದು. ನಿಮ್ಗೆ ಕನ್ನಡ ಬರಾಕಿಲ್ವಾ?”

ನನ್ನ ಮೈ ಉರಿದುಹೋಯಿತು. ಅಜ್ಜಿಯ ತೊಡೆಯ ಮೇಲೆ ಕೂತು ಕನ್ನಡ ಕಲಿತವನು ನಾನು. ರಾಗಿ ಬೀಸುವಾಗ ಅವಳು ಹೇಳಿದ ಪದ, ಒಗಟು, ಬೈಗುಳ ಎಲ್ಲ ಇನ್ನೂ ನಾಲಿಗೆಯ ಮೇಲಿವೆ. ಎಷ್ಟೇ ಸಿಟ್ಟು ಬಂದರೂ ‘ರಿ’ ಬಿಟ್ಟು ಮಾತಾಡಬಾರದು, ಬೈದರೂ ಮರ್ಯಾದೆ ಕೊಟ್ಟೇ ಬೈಯಬೇಕು ಎಂಬುದು ಅವಳ ಕಟ್ಟಪ್ಪಣೆ. ಅದೇ ಕಟ್ಟಪ್ಪಣೆ ಅಂದು ನನ್ನ ಮಾನ ಕಳೆಯಿತು.

“ಬೆಳಗಿಂದ ನಮ್ಮ ಜೋಡಿ ತೆಲುಗು ಮಾತಾಡೀರಿ. ಗೋಲ್ ಬೀಳೋ ಹೊತ್ತಿಗೆ ಕನ್ನಡ ಯಾಕ ನೆನಪಾತ್ರಿ? ನಿಮ್ಮ ನಾಲಿಗೆಗೆ ಎರಡು ತುದಿ ಅದಾವೇನ್ರಿ? ಆ ಬಾಯಿಗೆ ಒಂದಿಷ್ಟು ಮಣ್ಣು ಹಾಕ್ಕೊಳ್ರಿ ಸಾರ್!”

ಕೂತ ಜನ ಹೊಟ್ಟೆ ಹಿಡಿದು ನಕ್ಕರು. “ಬೈತಾವ್ನೋ, ಮದ್ವೆಗೆ ಕರೀತಾವ್ನೋ ಗೊತ್ತಾಯ್ತಿಲ್ಲ ಕಣ್ಲಾ!” ಎಂದು ಒಬ್ಬ ಕೂಗಿದ. ಇನ್ನೊಬ್ಬ, “ಅಣ್ಣೋ, ಮಣ್ಣಿಗೆ ಒಸಿ ಸಕ್ರೆ ಹಾಕ್ರಿ!” ಅಂದ. ನಾನು ಬಾಯಿ ತೆರೆದಷ್ಟೂ ನಗೆ ಹೆಚ್ಚಿತು. ರೆಫ್ರಿ ಗಡಿಯಾರ ನೋಡಿ ಆಟ ಮುಗಿಯಿತು ಎಂದು ಸೀಟಿ ಊದಿದರು.

ಆ ಮನುಷ್ಯ ಬೇಕೆಂದೇ ಹಾಗೆ ಕೂಗಿದರು ಎಂದು ನಾನು ಹೇಳುವುದಿಲ್ಲ. ಬಾಯಿಗೆ ಬಂದದ್ದನ್ನು ಕೂಗಿದರು. ಆದರೆ ಎದುರಿಗಿದ್ದವರು ತಾವು ಹೇಳಿದ್ದಕ್ಕೇ ನಿಂತರು ಎಂದು ಕಣ್ಣಾರೆ ಕಂಡ ಮೇಲೂ ಗೋಲು ವಾಪಸ್ಸು ತೆಗೆದುಕೊಳ್ಳಲಿಲ್ಲವಲ್ಲ, ಅದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ. ಮೇಲಿಂದ, ನಿಮಗೆ ಕನ್ನಡ ಬರುವುದಿಲ್ಲವೇ ಎಂಬ ಮಾತು ಬೇರೆ. ಎರಡು ಭಾಷೆ ಬರುತ್ತದೆ ಎನ್ನುವ ಕಾರಣಕ್ಕೇ ಸೋತ ತಂಡ ಬೇರೆಲ್ಲಾದರೂ ಇದೆಯೇ? ತೆಲುಗು ಬಾರದ ಹುಡುಗರಾಗಿದ್ದರೆ ನಿಲ್ಲುತ್ತಲೇ ಇರಲಿಲ್ಲ.

ಬಂದ ತಂಡಕ್ಕೆ ಉಣ್ಣಿಸಿಯೇ ಕಳಿಸುವುದು ಅಲ್ಲಿನವರ ಪದ್ಧತಿ. ಮರದ ಕೆಳಗೆ ಮುದ್ದೆ, ಹುರುಳಿಕಾಳಿನ ಸಾರು ಸಿದ್ಧವಾಗಿತ್ತು. ಬಡಿಸುತ್ತಿದ್ದ ಹೆಂಗಸು ನನ್ನ ಮುಖ ನೋಡಿ, “ಕೂತ್ಕಳಣ್ಣ. ಆಟದ ಮ್ಯಾಲಿನ ಸಿಟ್ಟು ಮುದ್ದೆ ಮ್ಯಾಲ್ಯಾಕೆ?” ಎಂದಳು. ನಾನು ಕೂರಲಿಲ್ಲ. ಅಳಿಯ ಕೂತ. ಎರಡನೇ ಮುದ್ದೆಯನ್ನೂ ಹಾಕಿಸಿಕೊಂಡ.

“ನಿನಗ ನಾಚಿಕೆ ಇಲ್ಲೇನಲೇ?” ಎಂದೆ.

“ಹಸಿವಾಗೈತಿ ಮಾವ” ಎಂದ. ತಲೆ ಎತ್ತಲಿಲ್ಲ.

ಓಣಿ ತಲುಪಿದಾಗ ಅಕ್ಕ ಬಾಗಿಲಲ್ಲೇ ಇದ್ದಳು. ಮಗ ಅವಳನ್ನು ದಾಟಿ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ. ನಾನು ಹೊಸ್ತಿಲಲ್ಲೇ ನಿಂತು ಎಲ್ಲ ಹೇಳತೊಡಗಿದೆ: ಹುಡುಗ ಹಾರಿ ಹಿಡಿದದ್ದು, ಕನ್ನಡದ ‘ಆಗಲಿ’, ತೆಲುಗಿನ ‘ಆಗಾಲಿ’, ಎತ್ತಿದ ಕೈ, ಊದದ ಸೀಟಿ.

ಅವಳು ನಡುವೆಯೇ ತಡೆದಳು. “ಸಾಕು ಬಿಡೋ ತಮ್ಮಾ. ಆ ಮಾತು ಕಟಗೊಂಡು ನನಗೇನಾಗಬೇಕು? ಹಾರಿ ಹಿಡಿದ ಅಂದ್ಯಲ್ಲ, ಹೆಂಗ ಹಾರಿದ?”

ನಾನು ಅಲ್ಲೇ, ಓಣಿಯಲ್ಲಿ, ಎಡಕ್ಕೆ ವಾಲಿ ಎರಡೂ ಕೈ ಚಾಚಿ ತೋರಿಸಿದೆ. ಈ ವಯಸ್ಸಿನಲ್ಲಿ ನನ್ನ ಮೈ ಎಷ್ಟು ಬಾಗೀತು? ಅವಳು ನಗಲಿಲ್ಲ. ಅವಳ ಕಣ್ಣು ಕೆಂಪಾಗಿತ್ತು, ದನಿಯೂ ಗಡುಸಾಗಿತ್ತು.

“ನೀ ತೋರಿಸಿದ್ದು ಸಾಕು. ಇನ್ನ ಮ್ಯಾಲ ಯಾವ ಊರಾಗರ ಆಡ್ರಿ, ವ್ಯಾನಿನ್ಯಾಗ ನಾನೂ ಬರಾಕಿ. ಬ್ಯಾಡ ಅನ್ನಾವ ಯಾವನದಾನ, ಈಗ ನನ್ನ ಮುಂದ ಬಂದ ಅನ್ನಲಿ.”

ವ್ಯಾನಿನಿಂದ ಇಳಿದ ಗಂಡಸರೆಲ್ಲ ಅಲ್ಲೇ ನಿಂತಿದ್ದೆವು. ನಾನೇ ಮೊದಲು, “ಆಗಲಿ ಅಕ್ಕ” ಅಂದೆ.