ಡೋರೀನಳ ಪಿಚ್

ಡೋರೀನ್ ಹಾರ್ಗ್ರೀವ್ಸ್ ಹುಟ್ಟಿದಾಗಿನಿಂದ ಪಿಚ್ ಎಂಬ ಒಂದು ಮಾತು ಅವಳ ಬೆನ್ನು ಬಿಟ್ಟಿರಲಿಲ್ಲ. ಇಂಗ್ಲೆಂಡಿನ ಯಾರ್ಕ್‌ಶೈರಿನ ರಸ್ತೆಗಳಿಗೆ ಅವಳ ಅಪ್ಪ ಕಾಯಿಸಿ ಸುರಿಯುತ್ತಿದ್ದ ಕಪ್ಪು ಅಂಟಿನ ಹೆಸರು ಪಿಚ್. ಗಂಡ ವಿಲ್ಫ್ ಊರ ಕ್ರಿಕೆಟ್ ಮೈದಾನದಲ್ಲಿ ರೋಲರ್ ಎಳೆದು ಹದ ಮಾಡುತ್ತಿದ್ದುದೂ ಪಿಚ್. ಶುಕ್ರವಾರದ ಸಂತೆಯಲ್ಲಿ ಪಿಂಗಾಣಿ ತಟ್ಟೆಗಳನ್ನು ತೋಳಿನ ಮೇಲೆ ಬೀಸಣಿಗೆಯಂತೆ ಹರಡಿ, ಒಂದೂ ಬೀಳದಂತೆ ಚಿಮ್ಮಿಸಿ ಹಿಡಿಯುತ್ತ, ಗಿರಾಕಿಗಳನ್ನು ಕರೆಯಲು ಅವಳು ಕೂಗುವ ಮಾತಿನ ಸುರಿಮಳೆಗೂ ಅದೇ ಹೆಸರು. ಆದರೆ "ನನ್ನ ಪಿಚ್" ಎಂದು ಅವಳು ಅನ್ನುತ್ತಿದ್ದುದು ಒಂದನ್ನೇ: ಚರ್ಚಿನ ಗೋಡೆಗೆ ಒತ್ತಿದ, ಅವಳ ತಾಯಿಯೂ ನಿಂತು ಮಾರಿದ ಸಂತೆಯ ಮೂಲೆ.

ವಿಲ್ಫ್ ಸತ್ತ. ಮಣ್ಣು ಮಾಡಿದ್ದು ಶುಕ್ರವಾರ. ಸಂತೆಯವರ ಪದ್ಧತಿಯಂತೆ ಪಕ್ಕದ ಮೀನಿನಂಗಡಿಯ ಬ್ರೆಂಡಾ, ಡೋರೀನಳ ಖಾಲಿ ಮೇಜನ್ನು ಆ ಮೂಲೆಯಲ್ಲಿಟ್ಟು ಕಪ್ಪು ಬಟ್ಟೆ ಹೊದಿಸಿದಳು. ಹಾಗೆ ಹೊದಿಸಿದ ಮೇಜನ್ನು, ಸಾವಿನ ಮನೆಯವರು ಮರಳಿ ಬರುವವರೆಗೆ, ಯಾರೂ ಮುಟ್ಟುವುದಿಲ್ಲ. ಹೊಸ ಮ್ಯಾನೇಜರ್ ಕ್ಲೈವ್ ಪಿಂಡರ್ ಮುಟ್ಟಿದ. ಸಂತೆ ಶುರುವಾಗುವ ಗಂಟೆ ಹೊಡೆದರೂ ಆಳಿಲ್ಲವೆಂದು ಮೇಜನ್ನು ಕಸದ ತೊಟ್ಟಿಯ ಹಿಂದಕ್ಕೆ ತಳ್ಳಿಸಿ, ಮೂಲೆಯನ್ನು ಮೊಬೈಲ್ ಕವರ್ ಮಾರುವ ಡ್ಯಾರೆನ್‌ಗೆ ಕೊಟ್ಟುಬಿಟ್ಟ.

ಮುಂದಿನ ವಾರ ವ್ಯಾನಿನಿಂದ ಇಳಿದವಳೇ ಡೋರೀನ್ ಉರಿದುಬಿದ್ದಳು.

"ನನ್ನ ಮೇಜು ಎಲ್ಲಯ್ಯಾ?"

"ಗಂಟೆ ಹೊಡೆದ್ಮೇಲೂ ಬರದಿದ್ರೆ ಜಾಗ ಹೋಯ್ತು ಅಂತಾನೇ ಲೆಕ್ಕ, ಅಮ್ಮಾ," ಎಂದ ಪಿಂಡರ್. "ಶೌಚಾಲಯದ ಪಕ್ಕ ಖಾಲಿ ಇದೆ. ಅದೂ ಪಿಚ್ಚೇ ತಾನೆ?"

"ನಿನ್ನ ಕುರ್ಚಿ ಹಾಕ್ಕೊ ಹೋಗು ಅಲ್ಲಿ! ಗಂಡನ್ನ ಮಣ್ಣಿಗಿಡೋಕೂ ನಿನ್ನ ಗಂಟೆ ಕೇಳ್ಬೇಕಿತ್ತಾ?"

"ಆ ಬಟ್ಟೆ ಯಾಕೆ ಅಂತ ಯಾರೂ ಹೇಳ್ಲಿಲ್ಲ."

"ನಾನು ಹೇಳ್ದೆ," ಎಂದಳು ಬ್ರೆಂಡಾ, ಚಾಕು ಒರೆಸುತ್ತ. "ಸುಮ್ನೆ ಮೀನು ಮಾರ್ಕೊ ಅಂದ್ರಿ."

ಡ್ಯಾರೆನ್‌ನ ಮುಖ ಕೆಂಪಾಯಿತು. "ನಂಗೆ ಗೊತ್ತಿರ್ಲಿಲ್ಲ ಅಕ್ಕಾ," ಎಂದು ಕವರುಗಳನ್ನು ಪೆಟ್ಟಿಗೆಗೆ ತುಂಬತೊಡಗಿದ.

"ಇದನ್ನ ಬಿಟ್ರೆ ನಿಂಗೆ ಬೇರೆ ಜಾಗ ಕೊಡಲ್ಲ," ಎಂದ ಪಿಂಡರ್.

"ಕೊಡ್ಬೇಡಿ. ಇಲ್ಲಿ ನಿಂತು ಮಾರೋಕೆ ನಂಗೆ ಮನಸ್ಸು ಬರಲ್ಲ."

ಬ್ರೆಂಡಾ ತೊಟ್ಟಿಯ ಹಿಂದಿನಿಂದ ಮೇಜನ್ನು ಎಳೆದು ತಂದಳು. ಒಂದು ಕಾಲು ಮುರಿದಿತ್ತು. ಡೋರೀನ್ ತುಟಿ ಕಚ್ಚಿ ಅದರ ಕೆಳಗೆ ಹಾಲಿನ ಕ್ರೇಟ್ ಒತ್ತಿ ನಿಲ್ಲಿಸಿದಳು. ಡ್ಯಾರೆನ್‌ಗೆ ಥ್ಯಾಂಕ್ಸ್ ಕೂಡ ಹೇಳದೆ ಮೇಜಿನ ಒಂದು ತುದಿ ತೋರಿಸಿದಳು.

"ನಿನ್ನ ಕವರ್ ಹರಡ್ಕೊಂಡು ಆ ತುದೀಲಿ ನಿಂತ್ಕೊ. ನನ್ನ ತಟ್ಟೆಗೆ ಮೊಣಕೈ ತಾಗಿಸಿದ್ಯೋ, ನೋಡು!"

ಆಮೇಲೆ ತೋಳಿನ ಮೇಲೆ ತಟ್ಟೆಗಳನ್ನು ಹರಡಿ, ಪಿಂಡರ್‌ನತ್ತ ತಿರುಗಿ, ಇಡೀ ಸಂತೆಗೆ ಕೇಳುವಂತೆ ಕೂಗಿದಳು:

"ಬನ್ರಪ್ಪಾ, ಬನ್ನಿ! ಸತ್ತವರ ಮನೆ ಮೇಜನ್ನ ಕಸಕ್ಕೆ ಹಾಕೋನೊಬ್ಬನನ್ನ ಬಿಟ್ಟು, ಉಳಿದೋರಿಗೆಲ್ಲ ತಟ್ಟೆ ಇದೆ!"