ಮಂಜುಗಡ್ಡೆಯ ಜಾರುದಾರಿ

ಹೆಮ್ಮಾಡಿಯಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ. ಹತ್ತಿರದ ಮಂಜುಗಡ್ಡೆ ಕಾರ್ಖಾನೆಯ ಧಣಿ, ಗಡ್ಡೆಗಳನ್ನು ಮೇಲಿನ ಕಟ್ಟೆಯಿಂದ ಕೆಳಗಿಳಿಸಲು ತಗಡಿನ ಜಾರುದಾರಿಯೊಂದನ್ನು ನನ್ನಿಂದ ಮಾಡಿಸಿದರು. ನಕ್ಷೆ ಅವರ ಅಳಿಯನದು. ಇಂಜಿನಿಯರು. ನಮ್ಮಂಥವರಿಗೆ ಬುದ್ಧಿ ಹಂಚಲೆಂದೇ ಹುಟ್ಟಿದವನ ಹಾಗೆ ಮಾತಾಡುತ್ತಿದ್ದ.

"ತಗಡಿಗೂ ಮಂಜಿಗೂ ಘರ್ಷಣೆ ಎಷ್ಟು ಅಂತ ಪುಸ್ತಕದಲ್ಲೇ ಇದೆ. ಗಡ್ಡೆ ಎಲ್ಲಿ ನಿಲ್ಲುತ್ತದೆ ಅಂತ ನಾನು ಕೂತಲ್ಲೇ ಹೇಳುತ್ತೇನೆ."

ಹತ್ತು ಸಲ ನೂಕಿದರೂ ಅಲುಗದೆ, ಹನ್ನೊಂದನೆಯ ಸಲಕ್ಕೆ ಧಡಾರನೆ ಬೀಳುವ ಶಟರು ನನ್ನ ಅಂಗಡಿಯಲ್ಲೇ ಇದೆ. ಘರ್ಷಣೆ ಪುಸ್ತಕದ ಮಾತು ಕೇಳುವುದಿಲ್ಲವೆಂದು ಅದರಿಂದಲೇ ನನಗೆ ಗೊತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ದೊಡ್ಡ ಕೆಲಸ ಕೈತಪ್ಪೀತೆಂಬ ನನ್ನ ಹೇಡಿತನಕ್ಕೆ ಇಂದಿಗೂ ಹೇಸಿಗೆಯಾಗುತ್ತದೆ.

ಮೊದಲ ದಿನ, ತೊಳೆದ ತಗಡಿನ ಮೇಲೆ ಗಡ್ಡೆ ಅವನು ಹೇಳಿದಲ್ಲೇ ನಿಂತಿತು. ತನಗೆ ತಾನೇ ಚಪ್ಪಾಳೆ ತಟ್ಟಿಕೊಂಡ.

ಹದಿನೈದು ದಿನಗಳಲ್ಲಿ ತಗಡಿಗೆ ಉಪ್ಪು, ಮರಳು, ಮೀನಿನ ಹುರುಪೆ ಹತ್ತಿತು. ಒಂದು ಬೆಳಿಗ್ಗೆ ಗಡ್ಡೆಯೊಂದು ನಡುದಾರಿಯಲ್ಲಿ ಕಚ್ಚಿಕೊಂಡಿತು. ಕೋಲಿನಿಂದ ತಿವಿದರೂ ಕದಲಲಿಲ್ಲ. ಹಿಂದಿನಿಂದ ಬಂದ ಇನ್ನೊಂದು ಗುದ್ದಿದ್ದೇ ತಡ, ಎರಡೂ ಹಾರಿ ಅಂಗಳಕ್ಕೆ ಬಿದ್ದು ಚೂರಾದವು. ಮಂಜು ಕೊಳ್ಳಲು ಬುಟ್ಟಿ ಹಿಡಿದು ನಿಂತಿದ್ದ ಮೀನು ಮಾರುವ ಹೆಂಗಸು ಹಿಂದಕ್ಕೆ ಬಿದ್ದಳು. ಅಂಗೈ ತರಚಿತು.

ಅಳಿಯ ಅವಳತ್ತ ತಿರುಗಿಯೂ ನೋಡದೆ ಕೆಲಸದವರಿಗೆ ರೇಗಿದ: "ನೆಟ್ಟಗೆ ತಳ್ಳಲಿಕ್ಕೂ ಬರುವುದಿಲ್ಲವಾ ನಿಮಗೆ?"

ಆ ಹೆಂಗಸು ಸೀರೆ ಕೊಡವಿಕೊಂಡು ಎದ್ದಳು. "ಹ್ವಾಯ್, ನಿಮ್ ಪುಸ್ತಕ ಈ ಗೆಡ್ಡಿ ಓದಿತ್ತಾ? ಕೊನಿಗೆ ಒಂದ್ ನಾರಿನ್ ಚಾಪಿ ಹಾಸಿ ಕಾಣಿ. ಎಷ್ಟ್ ಜೋರ್ ಬಂದ್ರೂ ಅಲ್ಲೇ ಕೂಕಂತ್ತ್."

ನಾನು ಮರುದಿನವೇ ದಾರಿಯ ಇಳಿಜಾರು ಹೆಚ್ಚಿಸಿದೆ, ಕೊನೆಯ ಸಮತಟ್ಟಿಗೆ ಒರಟು ಚಾಪೆ ಬಿಗಿದೆ. ಈಗ ನಡುವೆ ಯಾವುದೂ ಕಚ್ಚುವುದಿಲ್ಲ. ಮೆಲ್ಲಗೆ ಬಂದದ್ದೂ ರಭಸದಿಂದ ಬಂದದ್ದೂ ಒಂದೆರಡು ಗೇಣಿನ ಅಂತರದಲ್ಲೇ ನಿಲ್ಲುತ್ತವೆ. ಯಾವ ಘರ್ಷಣೆಯನ್ನು ಅವನು ಒಂದು ಅಂಕಿಯೆಂದು ತಳ್ಳಿಹಾಕಿದ್ದನೋ, ಅದೇ ಲೆಕ್ಕ ಕೆಡಿಸಿತ್ತು. ಸರಿಯಾದ ಜಾಗದಲ್ಲಿಟ್ಟಾಗ ಅದೇ ಲೆಕ್ಕ ಉಳಿಸಿತು.

ವಾರದ ಮೇಲೆ ಅಳಿಯ ಧಣಿಯ ಜೊತೆ ಬಂದು ಜಾರುದಾರಿಯ ಫೋಟೊ ಹೊಡೆದುಕೊಂಡ. "ಇದು ಮೊದಲಿಂದ ನನ್ನ ತಲೆಯಲ್ಲಿತ್ತು ಮಾವ."

"ಇರಲಿಲ್ಲ," ಎಂದೆ ಧಣಿಯೆದುರೇ. "ಹೇಳಿದ್ದು ಇವಳು." ಬುಟ್ಟಿ ಹಿಡಿದು ನಿಂತಿದ್ದವಳನ್ನು ತೋರಿಸಿದೆ. ಅವನು ಮೊಬೈಲ್ ಕಿವಿಗಿಟ್ಟುಕೊಂಡು ಕಾರಿನತ್ತ ನಡೆದ.

ಅವಳಿಗೆ ಈ ಮರ್ಯಾದೆಯೆಲ್ಲ ಬೇಕಿರಲಿಲ್ಲ. "ಅದೆಲ್ಲ ಇರ್ಲಿ ಮಾರಾಯ್ರೆ, ಬೇಗ ಗೆಡ್ಡಿ ಕೊಡಿ. ಮೀನ್ ಹಾಳಾತ್ತ್."