ದುಂಬಿ ಹೋಯಿತು ಎಂದು ನಾನು ಹೇಳಿದ್ದು

ನಿಮ್ಮ ತಾತ ನನ್ನ ಸಾರಿನಲ್ಲಿ ಉಪ್ಪು ಜಾಸ್ತಿ ಎನ್ನುತ್ತಿದ್ದರು, ನನ್ನ ಕೈಬರಹ ಕೋಳಿ ಕೆದಕಿದ ಹಾಗಿದೆ ಎನ್ನುತ್ತಿದ್ದರು. ಆದರೆ ಸದ್ದಿನ ವಿಷಯಕ್ಕೆ ಬಂದರೆ ನಾನು ಹೇಳಿದ್ದೇ ಕೊನೆಯ ಮಾತು. ಆ ಒಂದು ವಿಷಯದಲ್ಲೇ ನಾನು ಅವರಿಗೆ ಸುಳ್ಳು ಹೇಳಿದೆ. ನೀವು ಆಗ ಚಿಕ್ಕವರು, ಅವರ ಕೆಲಸದ ಮೇಜಿನ ಹತ್ತಿರ ನಿಮ್ಮನ್ನು ಬಿಡುತ್ತಿರಲಿಲ್ಲ, ಹಾಗಾಗಿ ನಿಮಗೆ ಗೊತ್ತಿಲ್ಲ. ಬಾಯಲ್ಲಿ ಹೇಳಲು ನನಗೆ ಸಂಕೋಚ. ಬರೆದಿಡುತ್ತೇನೆ.

ತಾತ ರಾಜಾಜಿನಗರದಲ್ಲಿ ಎಷ್ಟೋ ವರ್ಷ ಮೈಕ್ ಸೆಟ್ ರಿಪೇರಿ ಮಾಡಿದವರು. ಮದುವೆ, ಗಣೇಶನ ಪೆಂಡಾಲು, ಚುನಾವಣೆ ಎಂದು ಕೂಗುವ ಕೊಂಬಿನ ಸ್ಪೀಕರುಗಳ ಮುಂದೆ ನಿಂತು ನಿಂತು ಅವರ ಕಿವಿ ಮಂದವಾಯಿತು. ಕಿವಿಗೆ ಮೆಷಿನ್ ಹಾಕಿಸಿದೆವು. ಮಾತು ಕೇಳುತ್ತಿತ್ತು. ಆದರೆ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಹತ್ತಿರ ತಲೆ ಬಗ್ಗಿಸಿದರೆ ಆ ಮೆಷಿನ್ನೇ ಗುಂಯ್ ಎನ್ನುತ್ತಿತ್ತು. ಸದ್ದು ಪೆಟ್ಟಿಗೆಯದೋ ಕಿವಿಯದೋ ಅವರಿಗೆ ತಿಳಿಯುತ್ತಿರಲಿಲ್ಲ. ಆಮೇಲೆ ಲಕ್ವ ಸಣ್ಣದಾಗಿ ಹೊಡೆದು ಎಡಗೈ ನಡುಗಲು ಶುರುವಾಯಿತು. ಅಂಗಡಿ ಬಿಟ್ಟು, ಮೇಜನ್ನು ಕೆಂಗೇರಿ ಉಪನಗರದ ನಮ್ಮ ಮನೆಯ ಮುಂದಿನ ಕೋಣೆಗೆ ತಂದು ಹಾಕಿದರು. ಅಂದಿನಿಂದ ಅವರ ಕಿವಿ ನಾನು.

ನಾನು ಊರಿನ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಓದಿದವಳು. ಹಿಂದಿನ ಸಾಲಿನಲ್ಲಿ ಕೂತು, ಮೇಷ್ಟರು ಕೇಳಿದ್ದಕ್ಕೆ ಉತ್ತರ ಗೊತ್ತಿದ್ದರೂ ಬಾಯಿ ಬಿಡದೆ ಮನೆಗೆ ಬಂದವಳು. ಸದ್ದುಗಳಿಗೆ ಅವರ ಕಸುಬಿನ ಹೆಸರು ನನಗೆ ಗೊತ್ತಿರಲಿಲ್ಲ, ನನಗೆ ತಿಳಿದ ಹೆಸರು ಇಟ್ಟೆ. ಕರೆಂಟಿನ ಗುಂಯ್ ಸದ್ದು ದುಂಬಿ. ಸುಯ್ ಎನ್ನುವುದು ಮೊರ, ದೂರದಲ್ಲಿ ಯಾರೋ ರಾಗಿ ಕೇರುವ ಹಾಗೆ. ಚಟಪಟ ಎಂದರೆ ಒಗ್ಗರಣೆ. ತಾತ ನಗಲಿಲ್ಲ. ದುಂಬಿ ದಪ್ಪಗಿದ್ದರೆ ಕಂಡೆನ್ಸರ್ ಒಣಗಿದೆ, ಮೊರವಾದರೆ ಮೊದಲ ವಾಲ್ವಿನ ಪಕ್ಕದ ರೆಸಿಸ್ಟರ್ ಹಳತಾಗಿದೆ, ಒಗ್ಗರಣೆಯಾದರೆ ವಾಲ್ವ್ ಕೂರುವ ಗೂಡಿನಲ್ಲಿ ಕೊಳೆ ಎಂದು ನನ್ನ ಮಾತನ್ನು ತಮ್ಮ ಮಾತಿಗೆ ತಿರುಗಿಸಿಕೊಳ್ಳುತ್ತಿದ್ದರು. ವಾಲ್ವ್ ಎಂದರೆ ಗಾಜಿನ ಬುರುಡೆ, ಒಳಗೆ ಒಂದು ಚೂರು ಕೆಂಡ ಇಟ್ಟ ಹಾಗೆ ಹೊಳೆಯುತ್ತದೆ. ಮೈಕ್ ಸೆಟ್ಟಿನವರು ಅದನ್ನು ಬಿಟ್ಟು ಯಾವ ಕಾಲವಾಯಿತೋ. ಗಿಟಾರ್ ನುಡಿಸುವವರಿಗೆ ಮಾತ್ರ ಇವತ್ತಿಗೂ ಅದೇ ಬೇಕು. ಅದನ್ನು ಬಲ್ಲ ಮುದುಕರನ್ನು ಅವರು ಹುಡುಕಿಕೊಂಡು ಬರುತ್ತಾರೆ.

ಮೆಟ್ರೋ ಕೆಂಗೇರಿಯವರೆಗೆ ಬಂದ ಹೊಸತರಲ್ಲಿ ಹಾಗೆ ಬಂದವರು ಒಬ್ಬ ಮ್ಯೂಸಿಕ್ ಟೀಚರು. ನಲವತ್ತು ದಾಟಿದ ಹೆಂಗಸು, ರಾಜಾಜಿನಗರದಲ್ಲಿ ಮನೆ, ಯಾವುದೋ ಶಾಲೆಯಲ್ಲಿ ಮಕ್ಕಳಿಗೆ ಪಾಠ. ಆಟೋದಲ್ಲಿ ಆಂಪ್ಲಿಫೈಯರನ್ನು ಮಡಿಲಲ್ಲಿ ಇಟ್ಟುಕೊಂಡೇ ಬಂದಿದ್ದರು.

"ಅಂಕಲ್, ಆನ್ ಮಾಡಿದ್ರೆ ಸಾಕು ಗುಂಯ್ ಅನ್ನತ್ತೆ. ನುಡಿಸಿದ್ರೆ ಚುಚ್ಚತ್ತೆ. ನಂಗೆ ಸ್ವಲ್ಪ ಬೆಚ್ಚಗಿರೋ ಸೌಂಡ್ ಬೇಕು," ಎಂದರು.

ಮುಂದಿನ ಭಾನುವಾರ ಅವರಿಗೆ ರೆಕಾರ್ಡಿಂಗ್ ಇತ್ತು. ಇಪ್ಪತ್ತು ವರ್ಷದಿಂದ ತಮಗೆ ತಾವೇ ನುಡಿಸಿಕೊಂಡು ಬಂದ ಟ್ಯೂನುಗಳನ್ನು ಮೊದಲ ಸಲ, ಒಂದೇ ದಿನದಲ್ಲಿ, ಸ್ಟುಡಿಯೋದಲ್ಲಿ ಕೂತು ನುಡಿಸುವವರಿದ್ದರು. ಅದನ್ನು ಹೇಳುವಾಗ ಅವರು ನೆಲ ನೋಡುತ್ತಿದ್ದರು. ನನ್ನಂತೆಯೇ ಸಂಕೋಚದವರು ಎಂದುಕೊಂಡೆ.

ತಾತ ಮೊದಲ ದಿನ ದೊಡ್ಡ ಕಂಡೆನ್ಸರುಗಳನ್ನು ಬದಲಾಯಿಸಿದರು. ದಪ್ಪ ದುಂಬಿ ಹಾರಿಹೋಯಿತು. ಎರಡನೆಯ ದಿನ ಮೊದಲ ವಾಲ್ವಿನ ಪಕ್ಕದ ರೆಸಿಸ್ಟರ್ ತೆಗೆದು ಹೊಸದು ಬೆಸೆದರು, ಮೊರದ ಸದ್ದು ಅರ್ಧಕ್ಕೆ ಇಳಿಯಿತು. ವಾಲ್ಯೂಮ್ ತಿರುಗಿಸುವ ಗುಂಡಿಯ ಹಿಂದೆ ಹುಣಸೆಬೀಜದಷ್ಟು ದೊಡ್ಡ ಇನ್ನೊಂದು ಕಂಡೆನ್ಸರ್ ಇತ್ತು. ಚೂಪು ಅಲ್ಲಿಂದಲೇ ಬರುವುದು ಎಂದು ಅದರ ಒಂದು ಕಾಲನ್ನು ಕತ್ತರಿಸಿ, ಮೇಜಿನ ಬಳಿ ಯಾವಾಗಲೂ ಇದ್ದ ಹಳೆಯ ಗಿಟಾರನ್ನು ನನ್ನ ಕೈಗೆ ಕೊಟ್ಟರು. ನನಗೆ ನುಡಿಸಲು ಬಾರದು, ಬರೀ ತಂತಿ ಮೀಟುತ್ತಿದ್ದೆ. ಬೀಸುವ ಕಲ್ಲಿನ ಬಾಯಿಯಿಂದ ಆಗತಾನೆ ಉದುರಿದ ಹಿಟ್ಟಿನಲ್ಲಿ ಕೈ ಇಟ್ಟ ಹಾಗೆ ಇತ್ತು ಆ ಸ್ವರ. ಹಾಗೇ ಹೇಳಿದೆ. ಅವರು ಸಾಕು ಎಂದು ಇಕ್ಕಳ ಕೆಳಗಿಟ್ಟರು.

ಆದರೆ ಅದೇ ದಿನ ಇನ್ನೊಂದು ನಡೆಯಿತು. ಪ್ಲಗ್ ಕಿತ್ತಮೇಲೂ ಕಂಡೆನ್ಸರಿನಲ್ಲಿ ಕರೆಂಟು ನಿಂತಿರುತ್ತದೆ. ಅದನ್ನು ಇಳಿಸಲು ತಾತ ಒಂದು ಮರದ ಕೋಲಿಗೆ ರೆಸಿಸ್ಟರ್, ವಯರು ಕಟ್ಟಿಕೊಂಡಿದ್ದರು, ಅದು ಗೋಡೆಯ ಮೊಳೆಗೆ ನೇತುಹಾಕಿರುತ್ತಿತ್ತು. ಆ ಸಂಜೆ ಕೋಲು ಮುಟ್ಟಿಸುವುದನ್ನು ಮರೆತರು. ಎಡಗೈ ನಡುಗಿ ಬೆರಳು ತಗುಲಿ, ಕುರ್ಚಿ ಸಮೇತ ಹಿಂದಕ್ಕೆ ಬಿದ್ದರು. ಏನೂ ಆಗಲಿಲ್ಲ ಎಂದು ಎದ್ದು ಕೂತರು. ಅವರ ತುಟಿಯ ಬಣ್ಣ ಹೋಗಿದ್ದನ್ನು ನಾನು ನೋಡಿದ್ದೆ.

ಮೂರನೆಯ ದಿನ ಬೆಳಿಗ್ಗೆ ವಾಲ್ವಿನ ಕೆಂಡಕ್ಕೆ ಕರೆಂಟು ಒಯ್ಯುವ ಎರಡು ವಯರುಗಳನ್ನು ಒಂದಕ್ಕೊಂದು ಬಿಗಿಯಾಗಿ ಹೊಸೆಯಬೇಕಿತ್ತು, ಅದನ್ನು ನನ್ನ ಕೈಯಲ್ಲಿ ಮಾಡಿಸಿದರು. ದುಂಬಿ ಪೂರ್ತಿ ಹೋಯಿತು. ಮಧ್ಯಾಹ್ನ ಊಟ ಮಾಡಿ ಮಲಗಲು ಹೋದರು. ಸ್ಕ್ರೂ ಅವರ ಕೈಯಿಂದ ಜಾರುತ್ತಿದ್ದುದರಿಂದ ಮುಚ್ಚಳ ಹಾಕುವುದು ನನ್ನ ಪಾಲಿನ ಕೆಲಸ. ಮುಚ್ಚುವ ಮುಂಚೆ ಒಳಗೆ ನೋಡಿದೆ. ವಯರುಗಳು ಎಣ್ಣೆ ಕಾಣದ ತಲೆಯಂತೆ ದಿಕ್ಕಿಗೊಂದು ನಿಂತಿದ್ದವು. ಬೇರೆಯವರ ಮನೆಗೆ ಹೋಗುವ ವಸ್ತು ಹೀಗಿರಬಾರದು ಎನ್ನಿಸಿತು. ಹೂ ಕಟ್ಟುವ ದಾರ ತಂದು, ಎಲ್ಲವನ್ನೂ ಒಂದು ಕಡೆಗೆ ಬಾಚಿ, ಎರಡು ಬೆರಳಿಗೊಂದು ಗಂಟು ಹಾಕಿ ಕಟ್ಟಿದೆ. ಚೆನ್ನಾಗಿ ಕಂಡಿತು. ಮುಚ್ಚಿ ಸ್ಕ್ರೂ ಬಿಗಿದೆ.

ತಾತ ಎದ್ದು ಬಂದು ಸ್ವಿಚ್ ಹಾಕಿ, ಕಿವಿಯ ಮೆಷಿನ್ ತೆಗೆದಿಟ್ಟು ನನ್ನ ಮುಖ ನೋಡಿದರು. "ದುಂಬಿ ಹೋಯ್ತಾ?"

ದುಂಬಿ ಇತ್ತು. ತೆಳ್ಳಗೆ, ಮುಚ್ಚಿದ ಡಬ್ಬಿಯೊಳಗಿನಿಂದ ಬಂದ ಹಾಗೆ. ಬೆಳಿಗ್ಗೆ ಇಲ್ಲದ್ದು ಈಗ ಎಲ್ಲಿಂದ ಬಂತೆಂದು ನನಗೆ ಹೊಳೆಯಲಿಲ್ಲ. ಇದೆ ಎಂದರೆ ಅವರು ಮತ್ತೆ ತೆಗೆಯುತ್ತಾರೆ, ಮತ್ತೆ ಆ ಕೈ ಒಳಗೆ ಹೋಗುತ್ತದೆ. ಅಷ್ಟೇ ನನಗೆ ಕಂಡದ್ದು. ಹೋಯಿತು ಎಂದು ತಲೆಯಾಡಿಸಿದೆ. ಅವರು ಸ್ವಿಚ್ ಆರಿಸಿ, ಪೆಟ್ಟಿಗೆಯ ಬೆನ್ನು ತಟ್ಟಿದರು.

ಮರುದಿನ ಗುರುವಾರ ಟೀಚರು ಬಂದು ಮೆಲ್ಲಗೆ ನುಡಿಸಿ ನೋಡಿದರು. ರಸ್ತೆಯಲ್ಲಿ ತರಕಾರಿ ಗಾಡಿಯವನ ಮೈಕು ಟೊಮೆಟೊ ಎಂದು ಕೂಗುತ್ತಿತ್ತು. ತಂತಿಯ ಮೇಲೆ ಅಂಗೈ ಇಟ್ಟು ತಾತನ ಮುಖ ನೋಡಿ, ತುಂಬಾ ಬೆಚ್ಚಗಿದೆ ಅಂಕಲ್ ಎಂದು ನಕ್ಕು, ತೆಗೆದುಕೊಂಡು ಹೋದರು. ತಾತನಿಗೆ ಖುಷಿ. ಅಕ್ಕಪಕ್ಕದವರಿಗೆಲ್ಲ ರೆಕಾರ್ಡಿಂಗಿನ ವಿಷಯ ಹೇಳಿಕೊಂಡು ಬಂದರು.

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಫ್ರಿಜ್ಜಿನ ಹತ್ತಿರ ಹೋದರೆ ಅದೇ ಸದ್ದು. ಪಕ್ಕದ ಮನೆಯ ಮೋಟರು ಶುರುವಾದರೆ ಅದೇ. ಹಾಲು ತರಲು ಹೋದರೆ ತಿರುವಿನ ಟ್ರಾನ್ಸ್‌ಫಾರ್ಮರ್ ಕೆಳಗೆ ಕಾಲು ನಿಂತುಬಿಡುತ್ತಿತ್ತು. ಶುಕ್ರವಾರ ಫ್ರಿಜ್ಜನ್ನೇ ಆರಿಸಿದೆ, ಹಾಲು ಒಡೆಯಿತು, ತಾತ ಯಾಕೆ ಎಂದರು, ಕರೆಂಟು ಹೋಗಿತ್ತು ಎಂದೆ. ಅದು ಎರಡನೆಯ ಸುಳ್ಳು. ಬಟ್ಟೆ ಮಡಿಸಲು ಕೂತು ಅರ್ಧಕ್ಕೆ ಎದ್ದೆ, ಗುಡಿಸಿದ್ದನ್ನೇ ಗುಡಿಸಿದೆ. ಭಾನುವಾರ ಆ ಹೆಂಗಸು ಸ್ಟುಡಿಯೋದಲ್ಲಿ ಕೂತಾಗ ಅಲ್ಲಿಯವರು ಇದನ್ನು ರಿಪೇರಿ ಮಾಡಿದವರು ಯಾರು ಎಂದು ಕೇಳುತ್ತಾರೆ, ಅವರು ತಾತನ ಹೆಸರು ಹೇಳುತ್ತಾರೆ. ಅದನ್ನೇ ಯೋಚಿಸುತ್ತಿದ್ದೆ.

ಶನಿವಾರ ಬೆಳಿಗ್ಗೆ ಇಲ್ಲೇ ಹತ್ತಿರದ ಉಲ್ಲಾಳದಿಂದ ತಾತನ ಹಳೆಯ ಜೊತೆಗಾರರು ಬಂದರು. ಇಬ್ಬರೂ ಒಂದೇ ಅಂಗಡಿಯಲ್ಲಿ ಕೆಲಸ ಕಲಿತವರು. ಈಗಿನವರು ವಯರನ್ನು ಸಾಲಾಗಿ ಕಟ್ಟಿ ಫೋಟೋ ತೆಗೆದು ಇಂಟರ್ನೆಟ್ಟಿಗೆ ಹಾಕುತ್ತಾರೆ ಎಂದು ಅವರು ಹೇಳಿದಾಗ ತಾತ ಗಟ್ಟಿಯಾಗಿ ನಕ್ಕು ಹೇಳಿದರು.

"ಒಳಗೆ ಬರೋ ವಯರ್‌ನ ಕೆಂಡದ ವಯರ್ ಪಕ್ಕ ಮಲಗಿಸಿದ್ರೆ ಗುಂಯ್ ಅನ್ನದೇ ಇನ್ನೇನಪ್ಪಾ? ನೋಡಕ್ಕೆ ಅಂದ ಇಲ್ದಿದ್ರೂ ಪರವಾಗಿಲ್ಲ, ದೂರ ಇರ್ಬೇಕು."

ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಗಿಟಾರಿನ ಸದ್ದು ಒಳಗೆ ಬರುವ ವಯರನ್ನೂ ಕೆಂಡದ ವಯರನ್ನೂ ಒಂದೇ ದಾರದಲ್ಲಿ ಸೇರಿಸಿ ಕಟ್ಟಿದವಳು ನಾನೇ. ಸುಳ್ಳು ಮಾತ್ರವಲ್ಲ, ದುಂಬಿಯೂ ನನ್ನದೇ.

ತಾತನಿಗೆ ಅಲ್ಲೇ ಹೇಳಬಹುದಿತ್ತು. ಜೊತೆಗಾರರ ಎದುರು ನಾಲಿಗೆ ಏಳಲಿಲ್ಲ. ಅವರು ಹೋದಮೇಲೂ ಏಳಲಿಲ್ಲ, ತಾತ ಇನ್ನು ಬೇರೆ ಯಾರದಾದರೂ ಕಿವಿ ಹುಡುಕಿಕೊಂಡಾರು ಎಂಬ ಹೆದರಿಕೆ. ವಿಜಯನಗರದಲ್ಲಿ ರವಿಕೆ ಹೊಲಿಯಲು ಕೊಟ್ಟು ಬರುತ್ತೇನೆ ಎಂದು ಹೊರಟೆ. ಚೀಲದಲ್ಲಿ ಒಂದು ಕತ್ತರಿ, ಸ್ಕ್ರೂ ಡ್ರೈವರ್, ಮೊಳೆಯಿಂದ ತೆಗೆದ ಮರದ ಕೋಲು. ಒಬ್ಬಳೇ ಮೆಟ್ರೋ ಹತ್ತಿದ್ದು ಅದೇ ಮೊದಲು. ಸೀಟು ಖಾಲಿ ಇದ್ದರೂ ಕೂರಲಿಲ್ಲ. ಪ್ರತಿ ಸ್ಟೇಷನ್ನಿನಲ್ಲೂ ಬಾಗಿಲು ತೆರೆದಾಗ ಇಳಿದು ಹಿಂದಕ್ಕೆ ಹೋಗಿಬಿಡೋಣ ಎನ್ನಿಸುತ್ತಿತ್ತು. ವಿಜಯನಗರದಲ್ಲಿ ಇಳಿದು, ತಾತನ ಪುಸ್ತಕದಿಂದ ಬರೆದುಕೊಂಡ ವಿಳಾಸದ ಚೀಟಿಯನ್ನು ಆಟೋದವನ ಮುಂದೆ ಹಿಡಿದೆ.

ಟೀಚರ ಮನೆ ಮೂರನೆಯ ಮಹಡಿ. ಮೆಟ್ಟಿಲು ಹತ್ತುತ್ತಾ ಒಂದು ವಾಕ್ಯ ಕಟ್ಟಿಕೊಂಡಿದ್ದೆ. ಬಾಗಿಲು ತೆರೆದಾಗ ಅದು ಮರೆತುಹೋಗಿ, ನಿಮ್ಮ ಆಂಪ್ಲಿಫೈಯರಿನಲ್ಲಿ ಸದ್ದಿದೆ ಎಂದಷ್ಟೇ ಹೇಳಿದೆ.

"ಗೊತ್ತು ಆಂಟಿ," ಎಂದರು ಅವರು. "ನಿಮ್ಮನೇಲೇ ಕೇಳಿಸ್ತು. ಅಂಕಲ್ ಮುಖ ನೋಡಿ ಹೇಳಕ್ಕಾಗ್ಲಿಲ್ಲ. ನಾಳೆ ಸ್ವಲ್ಪ ಜೋರಾಗಿ ನುಡಿಸಿದ್ರೆ ಮುಚ್ಚಿಹೋಗತ್ತೆ ಅಂದ್ಕೊಂಡೆ."

"ಜೋರಾಗಿ ನುಡಿಸೋ ಟ್ಯೂನಾ ಅದು?"

ಅವರು "ಅಲ್ಲ," ಎಂದರು.

ಮುಚ್ಚಳ ತೆಗೆದೆವು. ತಾತ ಎದುರಿಗೆ ಇಲ್ಲದೆ ಒಳಗೆ ಕೈ ಹಾಕಲು ನನಗೆ ಧೈರ್ಯ ಸಾಲಲಿಲ್ಲ. ಅಂಕಲ್‌ಗೆ ಫೋನ್ ಮಾಡೋಣ ಎಂದರು ಟೀಚರು. ಬೇಡ ಎನ್ನುವಷ್ಟರಲ್ಲಿ ನನ್ನ ಮೊಬೈಲಿನಿಂದಲೇ ಒತ್ತಿಬಿಟ್ಟಿದ್ದರು, ರಿಂಗ್ ಆಯಿತು. ತಾತನಿಗೆ ಫೋನಿನಲ್ಲಿ ಮಾತು ಕೇಳಬೇಕಾದರೆ ಕೂಗಬೇಕು, ಅದು ನಿಮಗೂ ನೆನಪಿರಬಹುದು. ಜನ್ಮದಲ್ಲಿ ಗಟ್ಟಿಯಾಗಿ ಮಾತಾಡದವಳು ನಾನು, ಬೇರೆಯವರ ಮನೆಯಲ್ಲಿ ನಿಂತು ಕೂಗಬೇಕಾಯಿತು.

ತಾತನೇ ಮೊದಲು ಮಾತಾಡಿದರು. "ಕೋಲು ಮೊಳೆ ಮೇಲಿಲ್ಲ. ಎಲ್ಲಿದೀಯ ನೀನು?"

ಎಲ್ಲಿದ್ದೇನೆಂದು ಹೇಳಿದೆ. ದುಂಬಿ ಇದೆ ಎಂದೆ. ಏನು ಎಂದರು. ಇನ್ನೂ ಗಟ್ಟಿಯಾಗಿ ಹೇಳಿದೆ. ಯಾವಾಗಿನಿಂದ ಎಂದರು.

"ಅವತ್ತೇ ಇತ್ತು ಕಣ್ರೀ. ವಯರೆಲ್ಲಾ ದಾರದಲ್ಲಿ ಕಟ್ಟಿದ್ದು ನಾನು. ಹೋಯ್ತು ಅಂತ ಸುಳ್ಳು ಹೇಳ್ದೆ."

ಎದುರು ಮನೆಯ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದ ಹೆಂಗಸು ಕೈ ನಿಲ್ಲಿಸಿ ನಮ್ಮ ಕಡೆ ನೋಡಿದಳು. ಟೀಚರು ಬೇರೆ ಕಡೆ ನೋಡಿದರು. ತಾತ ಬೈಯಲಿಲ್ಲ. ಪ್ಲಗ್ ಕಿತ್ತಿದ್ದೀಯಾ ಎಂದು ಕೇಳಿದರು.

ಆಮೇಲೆ ಒಂದೊಂದಾಗಿ ಹೇಳಿದರು. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳಬೇಕು. ಕೋಲಿನ ವಯರನ್ನು ಪೆಟ್ಟಿಗೆಯೊಳಗಿನ ತಗಡಿಗೆ ಸಿಕ್ಕಿಸಿ, ತುದಿಯನ್ನು ದೊಡ್ಡ ಕಂಡೆನ್ಸರುಗಳ ಮೇಲೆ ಒಂದೊಂದಾಗಿ ಇಪ್ಪತ್ತು ಎಣಿಸುವವರೆಗೆ ಒತ್ತಿ ಹಿಡಿಯಬೇಕು. ಆಗಿದೆ ಎಂದರೂ ಇನ್ನೊಂದು ಸಲ ಮಾಡಿಸಿದರು. ಆಮೇಲೆ ಗಂಟು ಕತ್ತರಿಸಬೇಕು. ನಾನು ಕಟ್ಟಿದ್ದ ಗಂಟುಗಳನ್ನು ನಾನೇ ಕತ್ತರಿಸಿದೆ. ವಯರುಗಳು ಬಿಡಿಸಿಕೊಂಡು ಮತ್ತೆ ದಿಕ್ಕಿಗೊಂದು ನಿಂತವು. ಗಿಟಾರಿನ ವಯರನ್ನು ಎತ್ತಿ ಆಚೆ ಮೂಲೆಗೆ ಬಾಗಿಸಿದೆ. ಮುಚ್ಚಿ, ಸ್ವಿಚ್ ಹಾಕಿ, ಬುರುಡೆಗಳು ಕೆಂಪಾಗುವವರೆಗೆ ಕಾದೆವು.

"ಹೋಯ್ತಾ?" ಎಂದರು ತಾತ ಫೋನಿನಲ್ಲಿ.

ನಾನು ಕಣ್ಣು ಮುಚ್ಚಿದೆ. ಹೋಯಿತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಸ್ವಲ್ಪ ಇದೆ," ಎಂದು ಕೂಗಿದೆ. "ಗೋಡೆ ಆಚೆ ಇದ್ದ ಹಾಗೆ."

ಮತ್ತೆ ಆರಿಸಿ, ಕೋಲು ಮುಟ್ಟಿಸಿ, ಇನ್ನೊಂದು ಬೆರಳು ದೂರ ಮಾಡು ಎಂದರು. ಮಾಡಿದೆ. ಈ ಸಲ ಕೆಳಗಿನ ರಸ್ತೆಯ ಸ್ಕೂಟರುಗಳು ಬಿಟ್ಟರೆ ಏನೂ ಕೇಳಲಿಲ್ಲ. ಟೀಚರು ಗಿಟಾರ್ ತೆಗೆದುಕೊಂಡು ನುಡಿಸಿದರು, ಬಹಳ ಮೆಲ್ಲಗೆ, ಸ್ವರಗಳ ನಡುವೆ ತುಂಬಾ ಜಾಗ ಬಿಟ್ಟು. ಆ ಜಾಗಗಳಲ್ಲೇ ದುಂಬಿ ಕೂತಿರುತ್ತಿತ್ತು. ಫೋನನ್ನು ಸ್ಪೀಕರಿನ ಹತ್ತಿರ ಹಿಡಿದಿದ್ದೆ. ತಾತನಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ.

ಮನೆಗೆ ಬಂದಾಗ ಅವರು ಗೇಟಿನ ಹತ್ತಿರ ನಿಂತಿದ್ದರು. ಚೀಲ ತೆಗೆದುಕೊಂಡು ಕೋಲನ್ನು ಮೊಳೆಗೆ ಹಾಕಿದರು. ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಹೇಳಿದರು.

"ನನ್ನ ಕೈ ನಡುಗತ್ತೆ ಅಂತ ನಂಗೆ ಗೊತ್ತಿಲ್ವೇನೇ? ಕೈ ವಿಷ್ಯ ನಾನು ನೋಡ್ಕೋತೀನಿ. ನೀನು ಕೇಳಿಸಿದ್ದು ಹೇಳು."

ಅಷ್ಟೇ. ಮತ್ತೆಂದೂ ಅದನ್ನು ಎತ್ತಲಿಲ್ಲ. ಟೀಚರ ರೆಕಾರ್ಡಿಂಗ್ ಚೆನ್ನಾಗಿ ಆಯಿತೆಂದು ಅವರೇ ಬಂದು ಹೇಳಿ ಹೋದರು. ತಾತ ಅದಾದ ಮೇಲೆ ಎರಡು ವರ್ಷ ಇದ್ದರು, ಏಳೆಂಟು ಪೆಟ್ಟಿಗೆ ರಿಪೇರಿ ಮಾಡಿದರು. ಒಳಗೆ ಕೈ ಹಾಕುವ ಮೊದಲು ಕೋಲು ಮುಟ್ಟಿಸುವುದು ನನ್ನ ಕೆಲಸವಾಯಿತು. ನಾನು ಹೆದರಿದ್ದು ಆಗಲಿಲ್ಲ, ಅವರು ಬೇರೆ ಯಾರ ಕಿವಿಯನ್ನೂ ಹುಡುಕಲಿಲ್ಲ. ಆದರೆ ಹೋಯಿತೇ ಎಂದು ಒಂದು ಸಲ ಕೇಳುತ್ತಿದ್ದವರು ಎರಡು ಸಲ ಕೇಳಲು ಶುರು ಮಾಡಿದರು. ನಾನು ಉತ್ತರ ಹೇಳಿದ ಮೇಲೆ, ಅದೇ ದನಿಯಲ್ಲಿ ಮತ್ತೊಮ್ಮೆ. ಮೊದಮೊದಲು ಆ ಎರಡನೆಯ ಸಲ ನನ್ನನ್ನು ಚುಚ್ಚುತ್ತಿತ್ತು, ಎದ್ದು ಅಡುಗೆಮನೆಗೆ ಹೋಗಿಬಿಡಬೇಕು ಎನ್ನಿಸುತ್ತಿತ್ತು. ಹೋಗಲಿಲ್ಲ. ಪೆಟ್ಟಿಗೆಯ ಹತ್ತಿರ ಇನ್ನಷ್ಟು ಬಗ್ಗಿ, ಇನ್ನೊಮ್ಮೆ ಕೇಳಿಸಿಕೊಂಡು ಹೇಳುತ್ತಿದ್ದೆ. ಕೆಲವು ಸಲ ನನ್ನ ಎರಡನೆಯ ಉತ್ತರ ಬೇರೆ ಇರುತ್ತಿತ್ತು.